ಹೆಡ್ಡಿನಲ್ಲೇ ಮುರಿದು ಕೂತ ಸೈಲೆನ್ಸರ್ ಸ್ಟಡ್

ಸ್ಪ್ಯಾನರ್ ಇದ್ದಕ್ಕಿದ್ದಂತೆ ಹಗುರಾಯಿತು. ಒಂದು ಕ್ಷಣ ಖುಷಿಯೇ ಆಯಿತು, ನಟ್ ಕೊನೆಗೂ ಬಿಟ್ಟಿತಲ್ಲ ಅಂತ. ಆಮೇಲೆ ನೋಡಿದರೆ ಸ್ಪ್ಯಾನರಿನ ಬಾಯಲ್ಲಿ ನಟ್ ಇತ್ತು, ನಟ್ಟಿನ ಒಳಗೆ ಸ್ಟಡ್ಡಿನ ಅರ್ಧ ತುಂಡೂ ಇತ್ತು. ಉಳಿದರ್ಧ ಎಂಜಿನ್ ಹೆಡ್ಡಿನಲ್ಲೇ, ಅಂದರೆ ಎಂಜಿನ್ನಿನ ಮೇಲ್ಭಾಗದಲ್ಲೇ.

ನನ್ನದು ಹಳೆಯ 100 ಸಿಸಿ ಬೈಕು. ಮಳೆಗಾಲ ಮುಗಿಯುವ ಹೊತ್ತಿಗೆ ಸೈಲೆನ್ಸರ್ ಪ್ಯಾಕಿಂಗ್ (ಎಂಜಿನ್ನಿಗೂ ಸೈಲೆನ್ಸರಿಗೂ ನಡುವೆ ಹೊಗೆ ಸೋರದಂತೆ ಕೂರುವ ರಿಂಗ್) ಹೋಗಿ, ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ಪಟಪಟ ಸದ್ದು ಬರುತ್ತಿತ್ತು. ಎರಡು ನಟ್ ಬಿಚ್ಚು, ಪ್ಯಾಕಿಂಗ್ ಬದಲಿಸು, ಎರಡು ನಟ್ ಹಾಕು. ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ. ನಾಲ್ಕು ದಿನ ಹಿಡಿಯಿತು. ಅದರಲ್ಲಿ ಮೂರು ದಿನ ನಾನೇ ಕೈಯಾರೆ ಮಾಡಿಕೊಂಡ ತಪ್ಪಿಗೆ ಹೋದವು. ಆ ತಪ್ಪು ಯಾವುದು ಅಂತ ಮುಂದೆ ಹೇಳುತ್ತೇನೆ. ಮೊದಲು ಈ ಸ್ಟಡ್ಡು ಯಾಕೆ ಅಷ್ಟು ಗಟ್ಟಿಯಾಗಿ ಕೂರುತ್ತದೆ, ಯಾಕೆ ಅಷ್ಟು ಸುಲಭವಾಗಿ ಮುರಿಯುತ್ತದೆ ಅನ್ನೋದನ್ನು ನೋಡೋಣ. ಅದು ಗೊತ್ತಾದರೆ ತೆಗೆಯುವ ದಾರಿ ಅರ್ಧ ಗೊತ್ತಾದ ಹಾಗೆ.

ಸ್ಟಡ್ ಅಂದರೆ ತಲೆ ಇಲ್ಲದ ಬೋಲ್ಟು. ಎರಡೂ ತುದಿಯಲ್ಲಿ ಥ್ರೆಡ್ ಇರುತ್ತದೆ. ಒಂದು ತುದಿ ಎಂಜಿನ್ ಹೆಡ್ಡಿನೊಳಗೆ ಕಾಯಂ ಆಗಿ ಕೂತಿರುತ್ತದೆ. ಇನ್ನೊಂದು ತುದಿ ಹೊರಗೆ ಚಾಚಿಕೊಂಡಿರುತ್ತದೆ. ಸೈಲೆನ್ಸರಿನ ಬೆಂಡ್ ಪೈಪಿನ ಫ್ಲ್ಯಾಂಜನ್ನು (ತೂತುಗಳಿರುವ ಅಂಚುಪಟ್ಟಿ) ಅದರ ಮೇಲೆ ಕೂರಿಸಿ ನಟ್ ಬಿಗಿಯುತ್ತಾರೆ. ಸಣ್ಣ ಬೈಕುಗಳಲ್ಲಿ ಸಾಮಾನ್ಯವಾಗಿ 6 ಎಂಎಂ ಸ್ಟಡ್, ದೊಡ್ಡ ಬೈಕುಗಳಲ್ಲಿ 8 ಎಂಎಂ. ನೇರವಾಗಿ ಬೋಲ್ಟನ್ನೇ ಹಾಕಬಹುದಿತ್ತಲ್ಲ ಅಂತ ಕೇಳಬಹುದು. ಹೆಡ್ಡು ಅಲ್ಯೂಮಿನಿಯಂ, ಮೆತ್ತಗಿನ ಲೋಹ. ಪ್ರತಿ ಸಲ ಬಿಚ್ಚಿ ಹಾಕುವಾಗಲೂ ಉಕ್ಕಿನ ಬೋಲ್ಟು ಅದರ ಥ್ರೆಡ್ಡನ್ನು ಉಜ್ಜಿ ತಿನ್ನುತ್ತದೆ. ಸ್ಟಡ್ ಇದ್ದರೆ ಹೆಡ್ಡಿನ ಥ್ರೆಡ್ಡನ್ನು ಯಾರೂ ಮುಟ್ಟಬೇಕಾಗಿಲ್ಲ. ಸವೆಯುವುದೇನಿದ್ದರೂ ಹೊರಗಿನ ನಟ್ಟು. ಒಳ್ಳೆಯ ಯೋಚನೆಯೇ. ಆದರೆ ಯಾರೂ ಮುಟ್ಟದೆ ಹತ್ತು ಹನ್ನೆರಡು ವರ್ಷ ಬಿಟ್ಟರೆ ಏನಾಗುತ್ತದೆ ಅನ್ನೋದೇ ಇಲ್ಲಿನ ಕತೆ.

ಇಲ್ಲಿ ಎರಡು ಬೇರೆ ಬೇರೆ ಹಿಡಿತಗಳಿವೆ. ಹೊರಗಿನದು ನಟ್ಟಿಗೂ ಸ್ಟಡ್ಡಿಗೂ ನಡುವಿನದು. ಎರಡೂ ಉಕ್ಕು. ಬೈಕು ಓಡಿದಾಗಲೆಲ್ಲ ಕಾದು, ನಿಂತಾಗಲೆಲ್ಲ ಆರಿ, ಮಳೆನೀರು ಕೆಸರು ತಾಗಿ ಕೆಂಪು ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಮೂಲ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ಥ್ರೆಡ್ಡಿನ ಸಂದಿಯಲ್ಲಿ ಅಷ್ಟು ಜಾಗ ಎಲ್ಲಿದೆ? ಉಬ್ಬಿ ಗಟ್ಟಿಯಾಗಿ ಒತ್ತಿಕೊಂಡು ಕೂರುತ್ತದೆ.

ಒಳಗಿನದು ಸ್ಟಡ್ಡಿಗೂ ಅಲ್ಯೂಮಿನಿಯಂ ಹೆಡ್ಡಿಗೂ ನಡುವಿನದು. ಎರಡು ಬೇರೆ ಲೋಹಗಳು ಮುಟ್ಟಿಕೊಂಡಿದ್ದು ನಡುವೆ ಉಪ್ಪುಪ್ಪಾದ ತೇವ ಸೇರಿದರೆ ಅದು ಒಂದು ಪುಟ್ಟ ಬ್ಯಾಟರಿ ಸೆಲ್ಲಿನ ಹಾಗೆ ಕೆಲಸ ಮಾಡುತ್ತದೆ. ಸವೆಯುವುದು ಅಲ್ಯೂಮಿನಿಯಂ. ಹಳೆಯ ಹೆಡ್ಡಿನಿಂದ ಸ್ಟಡ್ ತೆಗೆದರೆ ಥ್ರೆಡ್ಡಿನಲ್ಲಿ ಸುಣ್ಣದ ಪುಡಿಯ ಹಾಗೆ ಬೆಳ್ಳಗೆ ಕಾಣುತ್ತದಲ್ಲ, ಅದು ಇದೇ. ಮಂಗಳೂರು, ಉಡುಪಿ, ಕಾರವಾರದ ಕಡೆ ಕಡಲ ಗಾಳಿಗೇ ಉಪ್ಪಿರುವುದರಿಂದ ಈ ಕಾಟ ಇನ್ನೂ ಬೇಗ ಶುರುವಾಗುತ್ತದೆ. ಕೆಂಪು ತುಕ್ಕಾದರೂ ಎಣ್ಣೆಗೆ ಸ್ವಲ್ಪ ಬಗ್ಗುತ್ತದೆ. ಈ ಬಿಳಿ ಪುಡಿ ಗಟ್ಟಿಯಾದ ಮೇಲೆ ಎಣ್ಣೆಗೆ ಅಷ್ಟಾಗಿ ಜಗ್ಗುವುದಿಲ್ಲ.

ಈಗ ಮುರಿಯುವುದರ ಲೆಕ್ಕ. ಸಾಮಾನ್ಯ 8.8 ದರ್ಜೆಯ (ಇದು ಉಕ್ಕಿನ ಗಟ್ಟಿತನದ ಗುರುತು) 6 ಎಂಎಂ ಸ್ಟಡ್ ಹೊಸದಾಗಿದ್ದಾಗಲೂ ಸುಮಾರು 16 ನ್ಯೂಟನ್ ಮೀಟರ್ ತಿರುಚಿದರೆ ಮುರಿಯುವ ಮಟ್ಟಕ್ಕೆ ಬರುತ್ತದೆ. 10 ನಂಬರ್ ರಿಂಗ್ ಸ್ಪ್ಯಾನರಿನ ಉದ್ದ 13 ಸೆಂಟಿಮೀಟರ್ ಅಂತ ಇಟ್ಟುಕೊಂಡರೆ, ಅದರ ತುದಿಗೆ 12–13 ಕೆಜಿ ಭಾರ ಹಾಕಿದಷ್ಟು. ಅಂದರೆ 25 ಕೆಜಿ ಅಕ್ಕಿ ಮೂಟೆಯ ಅರ್ಧ. ಯಾರ ಕೈಗೂ ಇದು ದೊಡ್ಡ ವಿಷಯವಲ್ಲ. ಇನ್ನು ತುಕ್ಕು ತಿಂದು ಸ್ಟಡ್ಡಿನ ಅಡ್ಡಳತೆ ಕಾಲು ಭಾಗ ಕಡಿಮೆಯಾಗಿದ್ದರೆ ತಾಕತ್ತು ಕಾಲು ಭಾಗ ಮಾತ್ರ ಇಳಿಯುವುದಿಲ್ಲ, ಅರ್ಧಕ್ಕಿಂತ ಕೆಳಗೆ ಹೋಗುತ್ತದೆ. ತಿರುಚುವ ಬಲಕ್ಕೆ ಸರಳು ತಡೆಯುವುದು ಅಡ್ಡಳತೆಯ ಘನದ ಲೆಕ್ಕದಲ್ಲಿ. ಅಲ್ಲಿಗೆ 5 ಕೆಜಿ ಭಾರಕ್ಕೇ ಟಕ್. ಸ್ಪ್ಯಾನರಿಗೆ ಪೈಪ್ ತೂರಿಸಿ ಉದ್ದ ಮಾಡಿಕೊಂಡು ಎಳೆಯುವವರಿಗೆ ಇದೊಂದನ್ನು ಹೇಳಬೇಕು: ನಿಮ್ಮ ಬಲ ಸಾಲುತ್ತಿಲ್ಲ ಅನ್ನುವುದು ಇಲ್ಲಿ ಸಮಸ್ಯೆಯೇ ಅಲ್ಲ.

ಮುರಿಯುವ ಮೊದಲು ಸ್ಟಡ್ಡು ಒಂದು ಸೂಚನೆ ಕೊಡುತ್ತದೆ. ನಟ್ ತಿರುಗಿದ ಹಾಗೆ ಅನಿಸುತ್ತದೆ, ಆದರೆ ಕೈ ಸಡಿಲ ಬಿಟ್ಟರೆ ಸ್ಪ್ಯಾನರ್ ಸ್ವಲ್ಪ ಹಿಂದಕ್ಕೆ ಬರುತ್ತದೆ. ರಬ್ಬರ್ ತಿರುಚಿದ ಹಾಗೆ. ತಿರುಗುತ್ತಿರುವುದು ನಟ್ಟಲ್ಲ, ಸ್ಟಡ್ಡೇ ಹುರಿಗೊಳ್ಳುತ್ತಿದೆ. ಅಲ್ಲಿಗೇ ನಿಲ್ಲಿಸಿಬಿಡಬೇಕು. ನಟ್ಟನ್ನು ಕಾಯಿಸಿ ನೋಡಬೇಕು. ಅದಕ್ಕೂ ಬಗ್ಗದಿದ್ದರೆ ಉಳಿಯಿಂದ ನಟ್ಟನ್ನೇ ಸೀಳಿ ತೆಗೆಯಬೇಕು. ನಟ್ಟು ಕೆಲವೇ ರೂಪಾಯಿಗೆ ಸಿಗುತ್ತದೆ. ನನಗೂ ಆ ರಬ್ಬರ್ ಅನುಭವ ಕೈಗೆ ಬಂದಿತ್ತು. ಬರ್ತಾ ಇದೆ, ಬರ್ತಾ ಇದೆ ಅಂದುಕೊಂಡು ಇನ್ನೊಂಚೂರು ಎಳೆದೆ.

ಮುರಿದ ಮೇಲೆ ಮೊದಲ ಕೆಲಸ: ಏನೂ ಮಾಡದಿರುವುದು

ಮುರಿದ ತುಂಡು ಹೇಗೆ ಉಳಿದಿದೆ ಅನ್ನೋದರ ಮೇಲೆ ಎಲ್ಲ ನಿಂತಿದೆ. ಹೊರಗೆ ಒಂದು ಸೆಂಟಿಮೀಟರ್ ಚಾಚಿಕೊಂಡಿದ್ದರೆ ಅದೃಷ್ಟ. ಹೆಡ್ಡಿನ ಮೈಗೆ ಸಮನಾಗಿ ಮುರಿದಿದ್ದರೆ ಕಷ್ಟ. ಮೈಗಿಂತ ಒಳಗೆ ಮುರಿದಿದ್ದರೆ ಜಾಸ್ತಿ ಕಷ್ಟ. ಹಾಗಾಗಿ ಈ ಕೆಲಸದಲ್ಲಿ ನಿಯಮ ಅಂತ ಇರುವುದು ಒಂದೇ. ಇವತ್ತು ಮಾಡುವ ಪ್ರಯತ್ನ ಸೋತರೂ ನಾಳೆಯ ಪ್ರಯತ್ನಕ್ಕೆ ದಾರಿ ಉಳಿದಿರಬೇಕು. ಚಾಚಿಕೊಂಡಿರುವ ಒಂದೊಂದು ಮಿಲಿಮೀಟರೂ ಬ್ಯಾಂಕಿನಲ್ಲಿಟ್ಟ ದುಡ್ಡಿದ್ದ ಹಾಗೆ. ಅದನ್ನು ಮೊದಲ ದಿನವೇ ಖರ್ಚು ಮಾಡಬಾರದು.

ನಾನು ಅದನ್ನೇ ಮಾಡಿದೆ. ಆರು ಏಳು ಮಿಲಿಮೀಟರ್ ಹೊರಗಿತ್ತು. ಎಣ್ಣೆ ಬಿಡಲಿಲ್ಲ, ಕಾಯಿಸಲಿಲ್ಲ. ಸೀದಾ ವೈಸ್ ಗ್ರಿಪ್ (ಕಚ್ಚಿ ಲಾಕ್ ಆಗುವ ಇಕ್ಕಳ) ಹಾಕಿ ಕಚ್ಚಿಸಿ ತಿರುಗಿಸಿದೆ. ಅದು ಜಾರಿತು. ಇನ್ನೂ ಬಿಗಿ ಮಾಡಿ ತಿರುಗಿಸಿದೆ. ಅದು ಥ್ರೆಡ್ಡನ್ನೆಲ್ಲ ಅಗಿದು ಹಾಕಿತು. ಮೂರನೇ ಸಲಕ್ಕೆ ಉಳಿದ ತುಂಡೂ ಮುರಿದು ಹೆಡ್ಡಿನ ಮೈಗೆ ಸಮನಾಯಿತು. ಹೇಳುತ್ತೇನೆ ಅಂದಿದ್ದ ತಪ್ಪು ಇದೇ.

ಸರಿಯಾಗಿ ಮಾಡುವುದಾದರೆ ಶುರುವಾಗುವುದು ಶುಚಿಯಿಂದ. ತಂತಿ ಬ್ರಷ್ಷಿನಿಂದ ಸ್ಟಡ್ಡಿನ ಬುಡದ ಕೆಸರು, ಮಸಿ ಎಲ್ಲ ಉಜ್ಜಿ ತೆಗೆಯಬೇಕು. ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಬಿಡಬೇಕು. ಗ್ಯಾರೇಜಿನವರು ಡೀಸೆಲ್ಲೋ ಸೀಮೆಎಣ್ಣೆಯೋ ಬಿಡುವುದುಂಟು, ಕೈಯಲ್ಲಿ ಬೇರೇನೂ ಇಲ್ಲದಿದ್ದರೆ ಪರವಾಗಿಲ್ಲ. ಎಲ್ಲರ ಮನೆಯಲ್ಲೂ ಇರುವ ಡಬ್ಲ್ಯೂಡಿ-40 1953ರಲ್ಲಿ ಹುಟ್ಟಿದ್ದು ನೀರನ್ನು ಹೊರದೂಡಿ ತುಕ್ಕು ತಡೆಯಲಿಕ್ಕೆ. ಹೆಸರಿನ ಅರ್ಥವೂ ಅದೇ, ನೀರು ಓಡಿಸುವ ಸೂತ್ರದ ನಲವತ್ತನೇ ಪ್ರಯತ್ನ. ಹಿಡಿದ ತುಕ್ಕಿನೊಳಗೆ ಇಳಿಯಲಿಕ್ಕೆ ಅಂತಲೇ ಮಾಡಿದ ಎಣ್ಣೆಗಳು ಬೇರೆ ಸಿಗುತ್ತವೆ. ಅಸಿಟೋನ್ ಮತ್ತು ಆಟೊಮ್ಯಾಟಿಕ್ ಗೇರ್ ಎಣ್ಣೆಯನ್ನು ಸಮ ಪ್ರಮಾಣದಲ್ಲಿ ಕಲಸಿ ಬಿಡುವವರೂ ಇದ್ದಾರೆ. ಅದು ಪೇಂಟನ್ನು ತಿನ್ನುತ್ತದೆ, ಬೆಂಕಿಗೆ ತಕ್ಷಣ ಹತ್ತಿಕೊಳ್ಳುತ್ತದೆ, ನೆನಪಿರಲಿ.

ಯಾವ ಎಣ್ಣೆಯಾದರೂ ಬೇಕಾಗುವುದು ಸಮಯ. ಬೆಳಿಗ್ಗೆ ಎರಡು ಹನಿ, ಸಂಜೆ ಎರಡು ಹನಿ, ಎರಡು ಮೂರು ದಿನ. ನಡುವೆ ಸಣ್ಣ ಸುತ್ತಿಗೆಯಿಂದ ಸ್ಟಡ್ಡಿನ ತುದಿಗೆ ಟಕಟಕ ಅಂತ ಹಗುರವಾಗಿ ಬಡಿಯುತ್ತಿರಬೇಕು. ಆ ಅದುರಿಗೆ ತುಕ್ಕಿನಲ್ಲಿ ಸಣ್ಣ ಸಣ್ಣ ಬಿರುಕು ಬಿಟ್ಟು ಎಣ್ಣೆ ಕೆಳಗಿಳಿಯುತ್ತದೆ. ಬಲವಾಗಿ ಬಡಿದರೆ ತುದಿ ಹಣಿದು ಅಗಲವಾಗುತ್ತದೆ, ಆಮೇಲೆ ನಟ್ ಹಾಕಲಿಕ್ಕೂ ಬರುವುದಿಲ್ಲ.

ಕೂದಲೆಳೆಯ ಏಳನೇ ಒಂದು ಭಾಗ

ಇನ್ನು ಬಿಸಿ. ಈ ಕೆಲಸದಲ್ಲಿ ನಿಜವಾದ ಆಯುಧ ಇದು.

ಕಾದಾಗ ಅಲ್ಯೂಮಿನಿಯಂ ಉಕ್ಕಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು ಹಿಗ್ಗುತ್ತದೆ. ಹೆಡ್ಡಿನ ಆ ಭಾಗವನ್ನು 150 ಡಿಗ್ರಿಯಷ್ಟು ಬಿಸಿ ಏರಿಸಿದರೆ 6 ಎಂಎಂ ತೂತು ಮಿಲಿಮೀಟರಿನ ನೂರರಲ್ಲಿ ಎರಡು ಭಾಗ ಅಗಲವಾಗುತ್ತದೆ. ಒಳಗಿನ ಸ್ಟಡ್ಡು ನೂರರಲ್ಲಿ ಒಂದು ಭಾಗ ದಪ್ಪವಾಗುತ್ತದೆ. ಉಳಿಯುವ ವ್ಯತ್ಯಾಸ ನೂರರಲ್ಲಿ ಒಂದು ಭಾಗ. ತಲೆಗೂದಲಿನ ದಪ್ಪದ ಏಳನೇ ಒಂದು ಭಾಗಕ್ಕೆ ಹತ್ತಿರ. ಇಷ್ಟಕ್ಕೆ ಸ್ಟಡ್ಡು ಸಡಿಲವಾಗಿ ಉದುರುವುದಿಲ್ಲ. ಆದರೆ ಗಾರೆಯ ಹಾಗೆ ಗಟ್ಟಿಯಾಗಿ ಅಂಟಿದ್ದ ಆ ಬಿಳಿ ಪುಡಿ ಬಿರಿಯಲು ಇಷ್ಟೇ ಸಾಕು. ಒಂದು ಸಲ ಬಿರಿದರೆ ಎಣ್ಣೆಗೆ ದಾರಿ ಸಿಗುತ್ತದೆ.

ಕಾಯಿಸಬೇಕಾದ್ದು ಸ್ಟಡ್ಡನ್ನಲ್ಲ, ಸುತ್ತಲಿನ ಅಲ್ಯೂಮಿನಿಯಂ ಅನ್ನು. ಹೀಟ್ ಗನ್ ಇದ್ದರೆ ಒಳ್ಳೆಯದು. ಗ್ಯಾಸ್ ಟಾರ್ಚ್ ಆದರೆ ಒಂದೇ ಕಡೆ ಹಿಡಿಯದೆ ಆಡಿಸುತ್ತಾ ಇರಬೇಕು. ಅಲ್ಯೂಮಿನಿಯಂ ಸುಮಾರು 660 ಡಿಗ್ರಿಗೆ ಕರಗುತ್ತದೆ. ಹೆಡ್ಡಿಗೆ ಬಳಸುವ ಮಿಶ್ರಲೋಹ ಅದಕ್ಕೂ ಮೊದಲೇ. ಕಬ್ಬಿಣದ ಹಾಗೆ ಕೆಂಪಗಾಗಿ ಎಚ್ಚರಿಕೆ ಕೊಡುವ ಜಾತಿಯಲ್ಲ ಇದು. ಬೆಳ್ಳಗೇ ಇರುತ್ತದೆ, ಆಮೇಲೆ ಕುಸಿಯುತ್ತದೆ. ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ದೋಸೆ ಹೆಂಚು ಕಾದಿದೆಯಾ ಅಂತ ನೀರು ಚಿಮುಕಿಸಿ ನೋಡುತ್ತೇವಲ್ಲ, ಹನಿ ಚುರ್ ಅಂತ ಹಾರಿಹೋಗಬೇಕು, ಅಷ್ಟು ಸಾಕು. ಆ ಬಿಸಿಯಲ್ಲಿ ಮೇಣದ ಬತ್ತಿಯ ತುದಿಯನ್ನು ಸ್ಟಡ್ಡಿನ ಬುಡಕ್ಕೆ ತಾಗಿಸಿ. ಮೇಣ ಕರಗಿ ತಾನಾಗಿ ಸಂದಿಯೊಳಗೆ ಇಳಿಯುವುದು ಕಣ್ಣಿಗೇ ಕಾಣುತ್ತದೆ.

ಬೆಂಕಿ ಹಚ್ಚುವ ಮೊದಲು ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಡಬೇಕು. ಕಾಕ್ ಬಂದ್ ಮಾಡಿದರೆ ಆಯ್ತು ಅನ್ನುವ ಮಾತು ಬೇಡ. ಕಾರ್ಬುರೇಟರಿನಲ್ಲೂ ಪೆಟ್ರೋಲ್ ಇರುತ್ತದೆ, ಅದನ್ನೂ ಖಾಲಿ ಮಾಡಬೇಕು. ಎಣ್ಣೆ ಬಿಟ್ಟಿದ್ದನ್ನು ಚೆನ್ನಾಗಿ ಒರೆಸಬೇಕು. ಎಣ್ಣೆ ಒರೆಸಲು ಬ್ರೇಕ್ ಕ್ಲೀನರ್ ಹೊಡೆಯುವ ಅಭ್ಯಾಸ ಕೆಲವರಿಗಿದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ವೆಲ್ಡಿಂಗಿನ ಬಿಸಿಗೆ ಸಿಕ್ಕರೆ ಫಾಸ್ಜೀನ್ ಹುಟ್ಟುತ್ತದೆ. ಮೊದಲನೇ ಮಹಾಯುದ್ಧದಲ್ಲಿ ಸೈನಿಕರನ್ನು ಕೊಲ್ಲಲು ಬಳಸಿದ ಅದೇ ಅನಿಲ.

ಎಣ್ಣೆ, ಬಿಸಿ ಎರಡೂ ಆದ ಮೇಲೆ ಚಾಚಿಕೊಂಡಿರುವ ಸ್ಟಡ್ಡಿಗೆ ಎರಡು ನಟ್ ಹಾಕಬೇಕು. ಎರಡನ್ನೂ ಒಂದಕ್ಕೊಂದು ಎದುರಾಗಿ ಬಿಗಿದರೆ ಅವು ಅಲ್ಲೇ ಕಚ್ಚಿಕೊಳ್ಳುತ್ತವೆ. ಈಗ ಒಳಗಿನ ನಟ್ಟಿಗೆ ಸ್ಪ್ಯಾನರ್ ಹಾಕಿ ಬಿಚ್ಚುವ ದಿಕ್ಕಿಗೆ ತಿರುಗಿಸಿದರೆ ಸ್ಟಡ್ಡೂ ಜೊತೆಗೆ ಬರಬೇಕು. ಒಂದೇ ದಿಕ್ಕಿಗೆ ಎಳೆಯಬಾರದು. ಕೂದಲೆಳೆಯಷ್ಟು ಬಿಚ್ಚು, ಕೂದಲೆಳೆಯಷ್ಟು ಬಿಗಿ. ಮೊದಮೊದಲು ಅಲುಗಿತೋ ಇಲ್ಲವೋ ಅನ್ನುವ ಅನುಮಾನವೇ ಇರುತ್ತದೆ. ಸ್ಟಡ್ಡಿನ ಮೇಲೂ ಹೆಡ್ಡಿನ ಮೇಲೂ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದುಕೊಂಡರೆ ಅನುಮಾನ ತೀರುತ್ತದೆ. ಗೆರೆ ಬೇರೆಯಾಯಿತು ಅಂದರೆ ಗೆದ್ದ ಹಾಗೆ. ಆಗಲೂ ಅವಸರ ಬೇಡ, ಎಣ್ಣೆ ಬಿಡುತ್ತಾ ಹಿಂದೆ ಮುಂದೆ ಮಾಡುತ್ತಲೇ ತೆಗೆಯಬೇಕು.

ವೈಸ್ ಗ್ರಿಪ್ ಕೆಟ್ಟದ್ದು ಅಂತಲ್ಲ. ಅದು ಈ ಸಾಲಿನಲ್ಲಿ ಎಣ್ಣೆ, ಬಿಸಿ, ಎರಡು ನಟ್ ಆದ ಮೇಲೆ ಬರಬೇಕಾದದ್ದು. ನಾನು ಮೊದಲಿಗೇ ತಂದೆ.

ಲೇತ್ ಅಂಗಡಿಯಲ್ಲಿ

ಸಮನಾಗಿ ಮುರಿದುಕೊಂಡ ಮೇಲೆ ಗೆಳೆಯನೊಬ್ಬ ಹೇಳಿದ, "ಈಜಿ ಔಟ್ ತಗೋ, ಹಾಕಿ ತಿರುಗಿಸಿದರೆ ಬಂದುಬಿಡುತ್ತೆ." ಆ ಹೆಸರಿನಲ್ಲೇ ಮೋಸ ಇದೆ ಅಂತ ಆಗ ಗೊತ್ತಿರಲಿಲ್ಲ. ಟೂಲ್ಸ್ ಅಂಗಡಿಗೆ ಹೋಗುವ ದಾರಿಯಲ್ಲಿ ನಮ್ಮೂರ ಲೇತ್ ಅಂಗಡಿ. ವಯಸ್ಸಾದ ಮೇಸ್ತ್ರಿ. ಸುಮ್ನೆ ಕೇಳಿ ನೋಡೋಣ ಅಂತ ನಿಂತೆ.

"ಅಣ್ಣಾ, ಹೆಡ್ಡಲ್ಲಿ ಸ್ಟಡ್ ಮುರಿದಿದೆ. ಈಜಿ ಔಟ್ ಹಾಕೋಣ ಅಂತಿದೀನಿ."

ಅವರು ಮಾತಾಡಲಿಲ್ಲ. ಬೆಂಚಿನ ಕೆಳಗಿನಿಂದ ಒಂದು ಹೆಡ್ ಎತ್ತಿ ಮೇಲಿಟ್ಟರು. ಹೊಗೆ ಹೊರಬರುವ ಎಕ್ಸಾಸ್ಟ್ ಪೋರ್ಟಿನ ಪಕ್ಕದ ತೂತಿನಲ್ಲಿ ಮುರಿದ ಸ್ಟಡ್. ಅದರ ನಡುವೆ ಕೊರೆದ ತೂತು. ಆ ತೂತಿನೊಳಗೆ ಬೂದು ಬಣ್ಣಕ್ಕೆ ಹೊಳೆಯುವ ಇನ್ನೊಂದು ಮುರಿದ ತುಂಡು.

"ಇದನ್ನೂ ಒಬ್ರು ಹಾಗೇ ಅಂದ್ಕೊಂಡೇ ಮಾಡಿದ್ದು ಕಣಪ್ಪಾ. ಈಗ ಇದಕ್ಕೆ ಯಾವ ಡ್ರಿಲ್ಲೂ ಇಳಿಯಲ್ಲ."

ಈಜಿ ಔಟ್ ಅಂದರೆ ಎಡಕ್ಕೆ ಸುರುಳಿ ಇರುವ, ತುದಿ ಚೂಪಾದ, ತುಂಬಾ ಗಡುಸಾದ ಉಕ್ಕಿನ ಕಡ್ಡಿ. ಮುರಿದ ಸ್ಟಡ್ಡಿನ ನಡುವೆ ತೂತು ಕೊರೆದು, ಅದರಲ್ಲಿ ಇದನ್ನು ಎಡಕ್ಕೆ ತಿರುಗಿಸಿದರೆ ಕಚ್ಚಿಕೊಂಡು ಸ್ಟಡ್ಡನ್ನು ಬಿಚ್ಚಿ ತರಬೇಕು. ಸ್ಟಡ್ಡು ಬರೀ ಬಿಗಿ ಜಾಸ್ತಿಯಾಗಿ ಮುರಿದಿದ್ದು, ತುಕ್ಕು ಹಿಡಿಯದೆ ಸಡಿಲವಾಗಿದ್ದರೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಸೈಲೆನ್ಸರ್ ಸ್ಟಡ್ ಹಾಗಲ್ಲ. ಯೋಚಿಸಿ ನೋಡಿ. 6 ಎಂಎಂ ದಪ್ಪದ ಸ್ಟಡ್ಡೇ ಆ ಹಿಡಿತಕ್ಕೆ ಸೋತು ಮುರಿದಿದೆ. ಅದರೊಳಗೆ ಕೊರೆದ 3 ಎಂಎಂ ತೂತಿನಲ್ಲಿ ಕೂರುವ ಸಪೂರ ಕಡ್ಡಿ ಗೆಲ್ಲುತ್ತದಾ? ಸಾಲದ್ದಕ್ಕೆ ಅದು ಬೆಣೆಯ ಹಾಗೆ. ಬಿಗಿಯಾದಷ್ಟೂ ಸ್ಟಡ್ಡಿನ ಗೋಡೆಯನ್ನು ಒಳಗಿನಿಂದ ಹೊರಕ್ಕೆ ಒತ್ತಿ, ಥ್ರೆಡ್ಡನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಗಡುಸಾದ ಉಕ್ಕು ಬಾಗುವುದಿಲ್ಲ, ಗಾಜಿನ ಹಾಗೆ ಟಣ್ ಅಂತ ಮುರಿಯುತ್ತದೆ. ಅದು ಒಳಗೆ ಉಳಿದ ಮೇಲೆ ಮಾಮೂಲಿ ಡ್ರಿಲ್ ಬಿಟ್ ಅದರ ಮೇಲೆ ಜಾರಿ ಪಕ್ಕದ ಮೆತ್ತನೆಯ ಅಲ್ಯೂಮಿನಿಯಂ ಅನ್ನು ತಿನ್ನಲು ಹೋಗುತ್ತದೆ. ಆಗ ಉಳಿಯುವುದು ಕಾರ್ಬೈಡ್ ಬಿಟ್, ಇಲ್ಲವಾದರೆ ವಿದ್ಯುತ್ ಕಿಡಿಯಿಂದ ಲೋಹವನ್ನು ಚೂರು ಚೂರೇ ಸವೆಸುವ ಸ್ಪಾರ್ಕ್ ಎರೋಶನ್ ಯಂತ್ರ. ಬೆಂಗಳೂರಿನ ಪೀಣ್ಯದಂಥ ಕಡೆ ಅದನ್ನಿಟ್ಟುಕೊಂಡು ಮುರಿದ ಟ್ಯಾಪ್ (ತೂತಿನೊಳಗೆ ಥ್ರೆಡ್ ಕೊರೆಯುವ ಉಪಕರಣ) ತೆಗೆದುಕೊಡುವವರಿದ್ದಾರೆ. ಅಲ್ಲಿಗೆ ಹೆಡ್ ಬಿಚ್ಚಿ ಹೊತ್ತುಕೊಂಡು ಹೋಗಬೇಕು.

"ಬೈಕ್ ತಗೊಂಡ್ ಬಾ. ಟ್ಯಾಂಕ್ ಮನೇಲೇ ಬಿಚ್ಚಿಟ್ಟು ಬಾ," ಅಂದರು ಮೇಸ್ತ್ರಿ. ತಳ್ಳಿಕೊಂಡು ಹೋದೆ.

ಅವರು ಮಾಡಿದ್ದು ನಟ್ ವೆಲ್ಡಿಂಗ್. ಮೊದಲು ಬ್ಯಾಟರಿಯ ವೈರ್ ಬಿಚ್ಚಿದರು. ಈಗಿನ ಫ್ಯುಯೆಲ್ ಇಂಜೆಕ್ಷನ್ ಬೈಕಾದರೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕನೆಕ್ಟರನ್ನೂ ಕಿತ್ತಿಡಬೇಕು. ವೆಲ್ಡಿಂಗ್ ಮೆಷಿನ್ನಿನ ಅರ್ತ್ ಕ್ಲಿಪ್ಪನ್ನು ಚಾಸಿಗೆ ಹಾಕದೆ ಹೆಡ್ಡಿನ ಹತ್ತಿರವೇ ಹಾಕಿದರು. ಕರೆಂಟು ಕ್ರ್ಯಾಂಕಿನ ಬೇರಿಂಗ್ ಸುತ್ತಿಕೊಂಡು ಹೋದರೆ ಬೇರಿಂಗಿಗೆ ಏಟು ಬೀಳುತ್ತದಂತೆ. ಮುರಿದ ಸ್ಟಡ್ಡಿನ ನೆತ್ತಿಗೆ ವೆಲ್ಡಿಂಗ್ ರಾಡಿನಿಂದ ಒಂದು ಚುಕ್ಕೆ, ಅದರ ಮೇಲೆ ಇನ್ನೊಂದು ಚುಕ್ಕೆ ಇಟ್ಟು ಸಣ್ಣ ಗುಬಟು ಎಬ್ಬಿಸಿದರು. ಕರಗಿದ ಉಕ್ಕು ಅಲ್ಯೂಮಿನಿಯಂಗೆ ಅಂಟುವುದಿಲ್ಲ. ಅಕ್ಕಪಕ್ಕ ಸಿಡಿದರೂ ಉಗುರಿನಲ್ಲಿ ಕೆರೆದರೆ ಎದ್ದು ಬರುತ್ತದೆ. ಈ ಕೆಲಸ ಸಾಧ್ಯವಾಗುವುದೇ ಆ ಒಂದು ಗುಣದಿಂದ. ಮಿಗ್ ವೆಲ್ಡಿಂಗ್ (ತಂತಿ ತಾನಾಗಿ ಬರುವ ವೆಲ್ಡಿಂಗ್) ಇದ್ದರೆ ಚುಕ್ಕೆ ಇಡುವುದು ಇನ್ನೂ ಸಲೀಸು.

ಗುಬಟಿನ ಮೇಲೆ ಒಂದು ವಾಷರ್, ವಾಷರಿನ ಮೇಲೆ 8 ಎಂಎಂ ನಟ್. ಸ್ಟಡ್ಡು 6 ಎಂಎಂ ಆದರೂ ನಟ್ ಒಂದು ಸೈಜ್ ದೊಡ್ಡದು. ಒಳಗೆ ರಾಡ್ ಇಳಿಸಿ ತಳದಿಂದ ತುಂಬಿಸಿಕೊಂಡು ಬರಲು ಜಾಗ ಬೇಕಲ್ಲ. ಸತುವಿನ ಲೇಪ ಇರುವ ಹೊಳೆಯುವ ನಟ್ಟನ್ನು ಅವರು ಬೇಡವೆಂದು ಪಕ್ಕಕ್ಕಿಟ್ಟರು. ಅದರ ಬಿಳಿ ಹೊಗೆ ಕುಡಿದರೆ ರಾತ್ರಿ ಜ್ವರ ಬರುತ್ತದೆ.

ವೆಲ್ಡ್ ಮಾಡಿದ ತಕ್ಷಣ ನಾನು ಸ್ಪ್ಯಾನರಿಗೆ ಕೈ ಹಾಕಿದೆ. "ಇರಪ್ಪಾ, ಆರಲಿ," ಅಂದರು. ಟೀ ತರಿಸಿದರು.

ಈ ಆರುವ ಹೊತ್ತೇ ಮುಖ್ಯ. ವೆಲ್ಡಿಂಗಿನಲ್ಲಿ ಸ್ಟಡ್ಡು ಕೆಂಪಗೆ ಕಾದು ಹಿಗ್ಗುತ್ತದೆ. ಸುತ್ತ ತಣ್ಣಗಿನ ಅಲ್ಯೂಮಿನಿಯಂ ಬಿಡುವುದಿಲ್ಲ. ನಡುವಿನ ಬಿಳಿ ಪುಡಿ ನಜ್ಜುಗುಜ್ಜಾಗುತ್ತದೆ. ಆಮೇಲೆ ಸ್ಟಡ್ಡು ಆರಿ ಕುಗ್ಗಿದಾಗ ಹಿಡಿತ ತಪ್ಪುತ್ತದೆ. ನಟ್ಟು ಬರೀ ಸ್ಪ್ಯಾನರಿಗೆ ಒಂದು ಹಿಡಿಕೆ ಅಷ್ಟೇ. ಕೆಲಸ ಮಾಡುವುದು ಬಿಸಿ. ಬಿಸಿಯಲ್ಲೇ ತಿರುಗಿಸಿದರೆ ವೆಲ್ಡು ಮೆತ್ತಗಿರುತ್ತದೆ, ಕಿತ್ತು ಬರುತ್ತದೆ.

ಮೊದಲನೇ ನಟ್ ಕಿತ್ತು ಬಂತು. ಎರಡನೆಯದೂ ಕಿತ್ತು ಬಂತು. ನನ್ನ ಮುಖ ಸಪ್ಪಗಾಯಿತು. ಅವರಿಗೆ ಏನೂ ಅನಿಸಿದ ಹಾಗೆ ಕಾಣಲಿಲ್ಲ. ಪ್ರತಿ ಸಲ ಸೋತಾಗಲೂ ಸ್ಟಡ್ಡು ಇನ್ನೊಂದು ಸಲ ಕಾದು ಇನ್ನೊಂದು ಸಲ ಆರುತ್ತದೆ, ಹಿಡಿತ ಇನ್ನಷ್ಟು ಸಡಿಲವಾಗುತ್ತದೆ. ಈಜಿ ಔಟಿಗೂ ಇದಕ್ಕೂ ಇರುವ ವ್ಯತ್ಯಾಸ ಇದು. ಅಲ್ಲಿ ಸೋತರೆ ದಾರಿ ಮುಚ್ಚುತ್ತದೆ. ಇಲ್ಲಿ ಸೋತರೂ ಒಂದು ಹೆಜ್ಜೆ ಮುಂದೆಯೇ ಇರುತ್ತೀರಿ.

ಮೂರನೇ ನಟ್ಟಿಗೆ ಕೀರ್ ಅಂತ ಒಂದು ಸದ್ದು ಬಂತು. ಹಳೆ ಮನೆಯ ಬಾಗಿಲು ತೆರೆದ ಹಾಗೆ. ಎಣ್ಣೆ ಬಿಟ್ಟು, ಹಿಂದೆ ಮುಂದೆ ಮಾಡಿ, ಐದು ನಿಮಿಷದಲ್ಲಿ ಪೂರ್ತಿ ಹೊರಗೆ. ಥ್ರೆಡ್ಡಿನ ಸಂದಿಯಲ್ಲೆಲ್ಲ ವಿಭೂತಿ ಬಳಿದ ಹಾಗೆ ಬಿಳಿ ಪುಡಿ.

ವೆಲ್ಡಿಂಗಿಗೂ ಬರದಿದ್ದರೆ

ಸ್ಟಡ್ಡು ತುಂಬಾ ಒಳಗೆ ಮುರಿದಿದ್ದರೆ, ಇಲ್ಲವೇ ವೆಲ್ಡಿಂಗ್ ಹಿಡಿಯದಿದ್ದರೆ ಕೊರೆಯಬೇಕು. ಕೊರೆಯುವುದು ಸುಲಭ. ನಡುಮಧ್ಯೆ, ನೇರವಾಗಿ ಕೊರೆಯುವುದು ಕಷ್ಟ. ಮುರಿದ ಮೇಲ್ಮೈ ಯಾವತ್ತೂ ಸಮತಟ್ಟಾಗಿರುವುದಿಲ್ಲ. ಡ್ರಿಲ್ ಬಿಟ್ ಇಳಿಜಾರಿಗೆ ಜಾರುತ್ತದೆ. ಜಾರಿದ ಮೇಲೆ ಉಕ್ಕಿಗಿಂತ ಅಲ್ಯೂಮಿನಿಯಂ ಮೆತ್ತಗಿರುವುದರಿಂದ ಆ ಕಡೆಗೇ ಎಳೆದುಕೊಂಡು ಹೋಗುತ್ತದೆ. ಕೈಯಲ್ಲಿ ಹಿಡಿದ ಡ್ರಿಲ್ಲಿನಿಂದ ಅಂದಾಜಿಗೆ ಕೊರೆದು ಹಾಳಾದ ಹೆಡ್ಡುಗಳಿಗೆ ಲೆಕ್ಕವಿಲ್ಲ.

ಇದಕ್ಕೆ ಮೇಸ್ತ್ರಿ ತೋರಿಸಿದ ಉಪಾಯ ನನಗೆ ಬಹಳ ಹಿಡಿಸಿತು. ಅವರ ಬಳಿ ಒಂದು ಹಳೆ ಬಿಸ್ಕತ್ ಡಬ್ಬದ ತುಂಬ ಸಣ್ಣ ಸಣ್ಣ ಬುಷ್‌ಗಳು. ಲೇತಿನಲ್ಲಿ ತಾವೇ ಕಡೆದದ್ದು. ಬುಷ್ಷಿನ ಹೊರ ಅಳತೆ ಸೈಲೆನ್ಸರ್ ಫ್ಲ್ಯಾಂಜಿನ ತೂತಿಗೆ ಬಿಗಿಯಾಗಿ ಕೂರುವಷ್ಟು. ನಡುವೆ 3 ಎಂಎಂ ತೂತು. ಫ್ಲ್ಯಾಂಜನ್ನು ಮುರಿಯದೆ ಉಳಿದಿರುವ ಇನ್ನೊಂದು ಸ್ಟಡ್ಡಿಗೆ ಹಾಕಿ ಬಿಗಿಯುವುದು. ಮುರಿದ ಕಡೆಯ ತೂತಿನಲ್ಲಿ ಬುಷ್ ಕೂರಿಸುವುದು. ಈಗ ಡ್ರಿಲ್ ಬಿಟ್ಟಿಗೆ ಬೇರೆ ದಾರಿಯೇ ಇಲ್ಲ, ಸ್ಟಡ್ಡಿನ ನಡುಮಧ್ಯಕ್ಕೇ ಇಳಿಯಬೇಕು. ಫ್ಲ್ಯಾಂಜಿನ ತೂತು ಸ್ಟಡ್ಡಿಗಿಂತ ಸ್ವಲ್ಪ ದೊಡ್ಡದಿರುತ್ತದೆ, ಹಾಗಾಗಿ ಬಿಗಿಯುವ ಮೊದಲು ಪೋರ್ಟಿಗೆ ಫ್ಲ್ಯಾಂಜ್ ಸರಿಯಾಗಿ ಹೊಂದಿದೆಯಾ ಅಂತ ನೋಡಿಕೊಳ್ಳಬೇಕು.

ಕೊರೆಯುವ ಮೊದಲು ಪಿಸ್ಟನ್ನನ್ನು ಕಂಪ್ರೆಶನ್ನಿನ ತುದಿಗೆ ತಂದು ನಿಲ್ಲಿಸಿದರೆ ಎಕ್ಸಾಸ್ಟ್ ವಾಲ್ವ್ ಮುಚ್ಚಿರುತ್ತದೆ. ಪೋರ್ಟಿಗೂ ಬಟ್ಟೆ ತುರುಕಬೇಕು. ಉಕ್ಕಿನ ಒಂದು ಚೂರು ಒಳಗೆ ಹೋದರೂ ವಾಲ್ವ್ ಸೀಟಿಗೆ ಕೇಡು. ಎಡಕ್ಕೆ ತಿರುಗುವ ಡ್ರಿಲ್ ಬಿಟ್ ಸಿಕ್ಕರೆ ಅದನ್ನೇ ತರಬೇಕು. ಡ್ರಿಲ್ಲನ್ನು ರಿವರ್ಸಿನಲ್ಲಿ ಓಡಿಸಿ ಕೊರೆಯುವುದರಿಂದ ಬಿಟ್ ಎಲ್ಲಾದರೂ ಕಚ್ಚಿಕೊಂಡರೆ ಸ್ಟಡ್ಡನ್ನು ಬಿಚ್ಚುವ ದಿಕ್ಕಿಗೇ ತಿರುಗಿಸುತ್ತದೆ. ಕೊರೆಯುವ ಬಿಸಿಯೂ ಜೊತೆಗೆ ಸೇರಿ ಎಷ್ಟೋ ಸಲ ಅರ್ಧ ಕೊರೆಯುವಾಗಲೇ ತುಂಡು ಸುತ್ತಿಕೊಂಡು ಹೊರಬರುತ್ತದೆ. ಮಾಮೂಲಿ ಬಿಟ್ಟಿಗೆ ಈ ಅನುಕೂಲ ಇಲ್ಲ, ಅದು ಕಚ್ಚಿದರೆ ಇನ್ನೂ ಒಳಕ್ಕೆ ಬಿಗಿಯುತ್ತದೆ.

ವೇಗ ಕಡಿಮೆ, ಒತ್ತಡ ಜಾಸ್ತಿ, ನಡುನಡುವೆ ಎಣ್ಣೆ. ಮೊದಲು 3, ಆಮೇಲೆ 4, ಕೊನೆಗೆ 5 ಎಂಎಂ. 6 ಎಂಎಂ ಸ್ಟಡ್ಡಿಗೆ 5 ದಾಟಬಾರದು. ಅದರ ಥ್ರೆಡ್ ಕೊರೆಯುವ ಮೊದಲಿನ ತೂತಿನ ಅಳತೆಯೇ 5. 8 ಎಂಎಂ ಸ್ಟಡ್ಡಿಗಾದರೆ 6.8. ನಡುಮಧ್ಯೆ ಸರಿಯಾಗಿ ಕೊರೆದಿದ್ದರೆ ಕೊನೆಗೆ ಉಳಿಯುವುದು ಥ್ರೆಡ್ಡಿನ ಆಕಾರದ ತೆಳು ಸುರುಳಿ ಮಾತ್ರ. ಚೂಪಾದ ಕಡ್ಡಿಯಿಂದ ಅದರ ತುದಿ ಎಬ್ಬಿಸಿ, ಚಕ್ಕುಲಿ ಎಳೆ ಬಿಡಿಸಿದ ಹಾಗೆ ಎಳೆದು ತೆಗೆಯಬಹುದು. ಆಮೇಲೆ ಟ್ಯಾಪ್ ಹಾಕಿ ಥ್ರೆಡ್ ಸ್ವಚ್ಛ ಮಾಡಿದರಾಯಿತು. ತೂತು ಎಷ್ಟು ಆಳ ಅಂತ ಹೊಸ ಸ್ಟಡ್ ಹಿಡಿದು ಮೊದಲೇ ಅಳೆದು, ಬಿಟ್ಟಿಗೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಬೇಕು.

ಓರೆಯಾಗಿ ಕೊರೆದು ಹೆಡ್ಡಿನ ಥ್ರೆಡ್ ಹೋದರೂ ಹೆಡ್ಡೇ ಹೋಯಿತು ಅಂತಲ್ಲ. ತೂತನ್ನು ದೊಡ್ಡದು ಮಾಡಿ ಹೆಲಿಕಾಯಿಲ್ ಹಾಕಬಹುದು. ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಸ್ಪ್ರಿಂಗಿನಂಥ ಸುರುಳಿ ಅದು. 6 ಎಂಎಂಗೆ ತೂತನ್ನು 6.3ರ ಸುಮಾರಿಗೆ ಕೊರೆದು, ಹೆಲಿಕಾಯಿಲ್ಲಿನದೇ ಟ್ಯಾಪ್ ಹಾಕಿ, ಸುರುಳಿ ಕೂರಿಸಿದರೆ ಒಳಗೆ ಮತ್ತೆ ಹಳೆಯ 6 ಎಂಎಂ ಥ್ರೆಡ್ಡೇ ಸಿಗುತ್ತದೆ. ಬರೀ ಅಲ್ಯೂಮಿನಿಯಂ ಥ್ರೆಡ್ಡಿಗಿಂತ ಇದು ಗಟ್ಟಿ. ಕೆಲವರು ನೇರವಾಗಿ 8 ಎಂಎಂ ಥ್ರೆಡ್ ಮಾಡಿ ದಪ್ಪ ಸ್ಟಡ್ ಹಾಕಿಬಿಡುತ್ತಾರೆ. ಫ್ಲ್ಯಾಂಜಿನ ತೂತನ್ನೂ ಅಗಲ ಮಾಡಬೇಕಾಗುತ್ತದೆ, ಸುತ್ತಲಿನ ಲೋಹ ತೆಳ್ಳಗಾಗುತ್ತದೆ. ನನಗೇನೋ ಅದು ಇಷ್ಟವಿಲ್ಲ.

ಹೊಸದನ್ನು ಹಾಕುವಾಗ

ಇನ್ನೊಂದು ಸ್ಟಡ್ಡು ಮುರಿದಿಲ್ಲ ಅಂತ ಹಾಗೇ ಬಿಡಬಾರದು. ಅದೂ ಅಷ್ಟೇ ವರ್ಷದ್ದು. ಹೆಡ್ಡು ಬಿಸಿಯಿರುವಾಗಲೇ ಎರಡು ನಟ್ ಹಾಕಿ ಅದನ್ನೂ ತೆಗೆದು ಬದಲಿಸಬೇಕು. ಬುಷ್ ಕೂರಿಸಿ ಕೊರೆಯುವ ಕೆಲಸ ಇದ್ದರೆ ಮಾತ್ರ ಅದು ಮುಗಿಯುವವರೆಗೆ ಅದನ್ನು ಮುಟ್ಟಬೇಡಿ, ಫ್ಲ್ಯಾಂಜ್ ಹಿಡಿದಿಡುವುದೇ ಅದು. ಹೊಸ ಸ್ಟಡ್ಡಿನ ಎರಡೂ ಕಡೆಯ ಥ್ರೆಡ್ಡಿಗೆ ಆ್ಯಂಟಿ ಸೀಝ್ ಪೇಸ್ಟ್ (ಥ್ರೆಡ್ ಅಂಟಿಕೊಳ್ಳದಂತೆ ತಡೆಯುವ ಪೇಸ್ಟ್) ತೆಳುವಾಗಿ ಹಚ್ಚಬೇಕು. ಗ್ರೀಸ್ ಆ ಬಿಸಿಗೆ ನಾಲ್ಕು ದಿನದಲ್ಲಿ ಸುಟ್ಟು ಹೋಗುತ್ತದೆ, ಹಚ್ಚಿ ಪ್ರಯೋಜನವಿಲ್ಲ. ಸ್ಟಡ್ಡನ್ನು ಕೈಯಲ್ಲೇ ಪೂರ್ತಿ ತಿರುಗಿಸಿ, ಕೊನೆಗೆ ಚೂರು ಬಿಗಿದರೆ ಸಾಕು. ಹಿತ್ತಾಳೆ ನಟ್ ಸಿಕ್ಕರೆ ಹಾಕಿ, ಅದು ಉಕ್ಕಿನ ಸ್ಟಡ್ಡಿಗೆ ತುಕ್ಕು ಹಿಡಿದು ಅಂಟಿಕೊಳ್ಳುವುದಿಲ್ಲ. ಪ್ಯಾಕಿಂಗ್ ಹೊಸದೇ ಇರಬೇಕು. ಅದು ಒಂದು ಸಲ ಅಮುಕಿಕೊಂಡು ಕೂರುವ ವಸ್ತು.

ಬಿಗಿಯುವ ಕ್ರಮದಲ್ಲಿ ತಪ್ಪು ಮಾಡುವವರೇ ಜಾಸ್ತಿ. ಹಿಂದಿನ ಫುಟ್‌ರೆಸ್ಟ್ ಹತ್ತಿರದ ಸೈಲೆನ್ಸರ್ ಬೋಲ್ಟನ್ನು ಮೊದಲು ಬಿಗಿದು, ಆಮೇಲೆ ಮುಂದಿನ ನಟ್ಟಿಗೆ ಬರುತ್ತಾರೆ. ಹಾಗೆ ಮಾಡಿದರೆ ಇಡೀ ಸೈಲೆನ್ಸರಿನ ಎಳೆತವನ್ನೆಲ್ಲ ಆ ಎರಡು ಸಣ್ಣ ಸ್ಟಡ್ಡುಗಳು ಹೊರಬೇಕು. ಹಿಂದಿನ ಬೋಲ್ಟನ್ನು ಸುಮ್ನೆ ಸಿಕ್ಕಿಸಿ ಸಡಿಲ ಬಿಡಿ. ಮುಂದಿನ ಎರಡು ನಟ್ಟುಗಳನ್ನು ಅದಕ್ಕೊಂದು ಸುತ್ತು, ಇದಕ್ಕೊಂದು ಸುತ್ತು ಅಂತ ಸಮನಾಗಿ ಬಿಗಿಯಿರಿ. 6 ಎಂಎಂಗೆ 10 ನ್ಯೂಟನ್ ಮೀಟರ್ ಸುತ್ತಮುತ್ತ ಸಾಕು. ಪೇಸ್ಟ್ ಹಚ್ಚಿದ್ದರೆ ಅದಕ್ಕಿಂತ ಸ್ವಲ್ಪ ಕಡಿಮೆಯೇ ಇರಲಿ, ಜಾರುವ ಥ್ರೆಡ್ಡಿನಲ್ಲಿ ಅಷ್ಟೇ ತಿರುಚಿಗೆ ಜಾಸ್ತಿ ಎಳೆತ ಬೀಳುತ್ತದೆ. ಟಾರ್ಕ್ ರೆಂಚ್ ಇಲ್ಲದಿದ್ದರೆ ಸ್ಪ್ಯಾನರನ್ನು ಮುಷ್ಟಿಯಲ್ಲಿ ಹಿಡಿಯದೆ ಮೂರು ಬೆರಳಲ್ಲಿ ಹಿಡಿದು ಬಿಗಿಯಿರಿ. ಹಿಂದಿನ ಬೋಲ್ಟಿನ ಸರದಿ ಆಮೇಲೆ.

ಒಂದೆರಡು ದಿನ ಓಡಿಸಿದ ಮೇಲೆ, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಎರಡೂ ನಟ್ಟುಗಳನ್ನು ಒಮ್ಮೆ ಮುಟ್ಟಿ ನೋಡಿ. ಹೊಸ ಪ್ಯಾಕಿಂಗ್ ಕೂತುಕೊಂಡು ಚೂರು ಸಡಿಲವಾಗಿರುತ್ತದೆ. ಫ್ಲ್ಯಾಂಜಿನ ಸುತ್ತ ಎಲ್ಲಾದರೂ ಕಪ್ಪು ಮಸಿಯ ಗೆರೆ ಕಂಡರೆ ಅಲ್ಲಿ ಗಾಳಿ ಸೋರುತ್ತಿದೆ ಅಂತ ಅರ್ಥ. ನನ್ನದರಲ್ಲಿ ಕಾಣಲಿಲ್ಲ. ಪಟಪಟ ಸದ್ದೂ ನಿಂತಿತು. ಮೂರನೇ ನಟ್ಟಿಗೆ ಅಂಟಿಕೊಂಡು ಬಂದ ಸ್ಟಡ್ಡನ್ನು ಮೇಸ್ತ್ರಿಯಿಂದ ಕೇಳಿ ತಂದು ಟೂಲ್ ಬಾಕ್ಸಿನಲ್ಲಿ ಇಟ್ಟುಕೊಂಡಿದ್ದೇನೆ, ವೈಸ್ ಗ್ರಿಪ್ಪಿನ ಪಕ್ಕದಲ್ಲೇ.